ಉಗುರಿಲ್ಲದವರ ಕಿತ್ತಳೆ

ಪ್ಯಾಕಿಂಗ್ ಶೆಡ್ಡಿನ ಹಿಂದಿನ ಸಾಲುಮನೆ,
ಶನಿವಾರ, ಇಪ್ಪತ್ತೊಂದನೇ ತಾರೀಖು, ಸಂಜೆ

ಪ್ರೀತಿಯ ಇವರೇ,

ಹೇಗಿದ್ದೀರಿ? ಕೆಮ್ಮು ಹೋಯಿತೋ, ಇಲ್ಲ ನಿಮ್ಮ ಹಾಗೆ ಅದೂ ಅಲ್ಲೇ ನೆಲೆಯೂರಿತೋ? ಏಣಿ ಹತ್ತುವಾಗ ಮೊಣಕಾಲು ಲಟಕ್ ಎನ್ನುತ್ತದೆ ಎಂದಿದ್ದಿರಿ. ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಅಥವಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡಿಕೊಂಡೇ ವಾಸಿಮಾಡಿಕೊಳ್ಳುತ್ತಿದ್ದೀರಾ? ಇಲ್ಲಿ ನಾವೆಲ್ಲ ಕ್ಷೇಮ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಬಂದಾಗ ತೋರಿಸಬೇಕು ಎಂದು ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಆ ಪೊಟ್ಟಣವನ್ನು ನಿಮ್ಮ ಹಳೆಯ ಬೂಟಿನೊಳಗೆ ಬಚ್ಚಿಟ್ಟಿದ್ದಾಳೆ. ನಿಮ್ಮ ಅಮ್ಮನೂ ಕ್ಷೇಮ. ಈ ಕೊನೆಯ ಮಾತನ್ನು ಸದ್ಯಕ್ಕೆ ಹೀಗೇ ನಂಬಿಕೊಂಡು ಮುಂದೆ ಓದಿ.

ಫೋನ್ ಇದ್ದೂ ಕಾಗದವೇಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು ಹ್ಞೂಂ ಎನ್ನುತ್ತೀರಿ, ನಾನು ಹ್ಞಾಂ ಎನ್ನುತ್ತೇನೆ, ಅಷ್ಟರಲ್ಲಿ ನಿಮ್ಮ ಕೋಣೆಯ ಸ್ನೇಹಿತರೆಲ್ಲ ಸೇರಿ ಕೆಮ್ಮುತ್ತಾರೆ. ಈ ಕಡೆ ಅತ್ತೆಗೆ ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಹದಿನಾರರ ಹುಡುಗಿಯದು. ಈಗ ಹೇಳಬೇಕಾದದ್ದು ಆ ಕಿವಿಗೆ ಬೀಳಬಾರದ ಸಂಗತಿ. ನಿಮ್ಮ ಕಡೆಯಿಂದ ಹಣ್ಣು ತಂದ ಲಾರಿಯ ಚಾಲಕ ಇವತ್ತು ಸಂಜೆ ಗಡಿ ದಾಟಿ ವಾಪಸ್ ಹೊರಟಿದ್ದಾನೆ. ಕಾಗದ ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಟೀ ಕುಡಿದು ಬರುವಷ್ಟರಲ್ಲಿ ಬರೆದು ಮುಗಿಸಿ ಎಂದೂ ಹೇಳಿದ್ದಾನೆ. ಅವನು ಎಷ್ಟು ಟೀ ಕುಡಿಯುತ್ತಾನೋ ದೇವರೇ ಬಲ್ಲ.

ಮೊದಲು ದೇಶದ ಆರ್ಥಿಕ ಪರಿಸ್ಥಿತಿಯನ್ನು ನೋಡಿಬಿಡೋಣ. ನಗಬೇಡಿ. ಈ ಸಲ ದೇಶದ ಆರ್ಥಿಕ ಪರಿಸ್ಥಿತಿ ನಮ್ಮ ಮನೆಯೊಳಗೇ ಬಂದು ಕೂತಿದೆ. ಯಜಮಾನರು ಶೆಡ್ಡಿನಲ್ಲಿ ಖಾಲಿ ಕ್ರೇಟಿನ ಮೇಲೆ ನಿಂತು ಮಾಡಿದ ಭಾಷಣದ ಸುದ್ದಿ ಹೋದ ಕಾಗದದಲ್ಲಿ ಬರೆದಿದ್ದೆನಲ್ಲ. ಸಮುದ್ರದಾಚೆ ಊರೂರಿಗೆ ಅಂಗಡಿ ಇಟ್ಟಿರುವ ದೊಡ್ಡ ಕಂಪನಿಯ ಖರೀದಿದಾರ ನಮ್ಮ ತೋಟ ನೋಡಲು ಬರುತ್ತಾನೆ, ಮೆಚ್ಚಿದರೆ ಹಡಗುಗಟ್ಟಲೆ ಹಣ್ಣು ಹೋಗುತ್ತದೆ, ಶೆಡ್ಡಿನಲ್ಲಿ ಹಣ್ಣು ಸಾಗಿಸುವ ಎರಡನೇ ಬೆಲ್ಟ್ ಶುರುವಾಗುತ್ತದೆ, ತೋಟಕ್ಕೆ ಹೊಸ ಮೇಸ್ತ್ರಿ ಬೇಕಾಗುತ್ತಾನೆ. ಅಷ್ಟು ಹೇಳಿ ಎಲ್ಲರೆದುರು ನನ್ನ ಕಡೆ ತಿರುಗಿ, “ನಿಮ್ಮೆಜಮಾನ್ರಿಗೆ ಬಂದ್ಬಿಡೋಕೆ ಹೇಳಮ್ಮಾ, ಪಕ್ಕದ ದೇಶದಲ್ಲಿ ಕೊಯ್ಯೋ ಕೈ ಇಲ್ಲೇ ಕೊಯ್ಲಿ” ಎಂದಿದ್ದರು. ಅದನ್ನು ಓದಿ ನೀವು ‘ತಿಂಗಳ ಕೊನೆಗೆ ಇಲ್ಲಿಯ ಕೆಲಸ ಬಿಡುತ್ತೇನೆ’ ಎಂದು ಬರೆದಿರಿ. ಅವತ್ತಿನಿಂದ ಅತ್ತೆಯನ್ನು ಹಿಡಿಯುವವರಿರಲಿಲ್ಲ. ನಿಮ್ಮ ಮಂಚದ ಕಾಲು ರಿಪೇರಿಯಾಯಿತು. ನಿಮ್ಮ ಅಂಗಿಗಳೆಲ್ಲ ಪೆಟ್ಟಿಗೆಯಿಂದ ಹೊರಬಂದು, ಒಗೆದು, ಒಣಗಿ, ಮತ್ತೆ ಒಗೆಸಿಕೊಂಡವು. “ಅವ್ನು ಈಗ ದಪ್ಪ ಆಗಿರ್ತಾನೋ ಸಣ್ಣ ಆಗಿರ್ತಾನೋ” ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರು ಒಂದು ಅಂಗಿಯ ಹೊಲಿಗೆ ಬಿಚ್ಚಿದರು, ಇನ್ನೊಂದಕ್ಕೆ ಹಾಕಿದರು. ನೀವು ಹೇಗೆ ಬಂದರೂ ಒಂದು ಅಂಗಿ ಹಿಡಿಸುವ ಏರ್ಪಾಡು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೈಕೊಟ್ಟದ್ದು ಚಳಿ. ನಿಮಗೆ ಗೊತ್ತಿರುವುದೇ, ಕಿತ್ತಳೆ ಹಣ್ಣಾಗುವುದು ಬಿಸಿಲಿನಿಂದ, ಬಣ್ಣ ತಿರುಗುವುದು ಚಳಿಯಿಂದ. ಈ ವರ್ಷ ಚಳಿರಾಯರು ಸಂಬಳವಿಲ್ಲದ ರಜೆ ಹಾಕಿದರು. ಮರದಲ್ಲಿ ಹಣ್ಣು ಒಳಗೆ ತುಂಬಿ ರಸವಾಗಿದೆ, ಮೇಲೆ ಮಾತ್ರ ಗಿಣಿಹಸಿರು. ಬೇರೆ ದಿನಗಳಲ್ಲಾದರೆ ಶೆಡ್ಡಿನ ಮೂಲೆಯಲ್ಲಿರುವ ಬಣ್ಣ ಬರಿಸುವ ಕೋಣೆಗೆ ತುಂಬಿ, ಗ್ಯಾಸ್ ಬಿಟ್ಟು, ಹೊರಗೆ ತೆಗೆದರೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಹೊಳೆಯುತ್ತವೆ. ಆದರೆ ಖರೀದಿದಾರನಿಗೆ ಬೇಕಾದದ್ದು ಮರದ ಮೇಲಿನ ಹಣ್ಣು. ಮರವನ್ನು ಕೋಣೆಯೊಳಗೆ ಕೂರಿಸಲು ಆಗುವುದಿಲ್ಲವಲ್ಲ.

ಅಷ್ಟರಲ್ಲಿ ರಫ್ತು ಇಲಾಖೆಯ ಅಧಿಕಾರಿಯೊಬ್ಬರು ನಮಗೆಲ್ಲ ಬುದ್ಧಿ ಹೇಳಲು ಬಂದರು. ಗೋಡೆಗೆ ಒಂದು ಚಿತ್ರ ತೂಗುಹಾಕಿದರು. ಈ ಕಡೆಯಿಂದ ಕಿತ್ತಳೆ, ಮೂಸಂಬಿ, ನಿಂಬೆಹಣ್ಣು ಹಡಗು ಹತ್ತುತ್ತವೆ. ಆ ಕಡೆಯಿಂದ ಡೀಸೆಲ್ಲು, ಔಷಧಿ, ಯಂತ್ರದ ಬಿಡಿಭಾಗಗಳು ಇಳಿಯುತ್ತವೆ. “ತಾಯಂದಿರೇ, ನೀವು ಒರೆಸ್ತಿರೋದು ಬರೀ ಹಣ್ಣಲ್ಲ, ವಿದೇಶಿ ವಿನಿಮಯ” ಎಂದು ಕಣ್ಣು ಒದ್ದೆ ಮಾಡಿಕೊಂಡರು. ನನ್ನ ಪಕ್ಕ ನಿಲ್ಲುವ ಎದುರುಮನೆ ಅಕ್ಕ ಸುಮ್ಮನಿರುವವಳೇ? “ಸಾರ್, ನಮ್ಮತ್ತೆ ಬಿಪಿ ಮಾತ್ರೆ ಯಾವ ಹಣ್ಣಲ್ಲಿ ಬರುತ್ತೆ ತೋರಿಸಿ, ಅದನ್ನ ಇನ್ನೊಂದು ಸಲ ಒರೆಸ್ತೀನಿ” ಎಂದಳು. ಅಧಿಕಾರಿ ಅದನ್ನು ದೇಶಭಕ್ತಿ ಎಂದುಕೊಂಡು ಚಪ್ಪಾಳೆ ತಟ್ಟಿದರು. ಚಿತ್ರದಲ್ಲಿ ಒಂದು ಬಾಣದ ಗುರುತನ್ನು ಮಾತ್ರ ಅವರು ಕೈಯಿಂದ ಮರೆಮಾಡಿಕೊಂಡೇ ನಿಂತಿದ್ದರು. ಕೊನೆಗೆ ಚಿತ್ರ ಸುತ್ತುವಾಗ ಕಂಡಿತು. ನಮ್ಮ ಹಣ್ಣಿನ ರಸ ಪೀಪಾಯಿಯಲ್ಲಿ ಆಚೆ ಹೋಗಿ, ಬಣ್ಣದ ಡಬ್ಬಿಯಲ್ಲಿ ಸ್ಟ್ರಾ ಅಂಟಿಸಿಕೊಂಡು ಈಚೆ ಬರುತ್ತದೆ. ಪುಟ್ಟಿ ಅಂಗಡಿ ಮುಂದೆ ನಿಂತು ಹಟ ಹಿಡಿಯುವ ಡಬ್ಬಿ ಅದೇ.

ಅಧಿಕಾರಿಯೂ ಯಜಮಾನರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದಾಗ ಇಬ್ಬರ ಮುಖದಲ್ಲೂ ಬೆಳಕು. ಖರೀದಿದಾರ ನಡೆಯುವ ದಾರಿಯ ಎರಡೂ ಬದಿಯ ಮರಗಳಿಗೆ ಪೇಟೆಯಿಂದ ಬಣ್ಣದ ಹಣ್ಣು ತಂದು ಹಸಿರು ದಾರದಲ್ಲಿ ಕಟ್ಟುವುದು! ನಾಟಕದ ಸೀನರಿಯ ಹಾಗೆ. ನಮ್ಮ ಹಣ್ಣಿಗೇ ಕೋಣೆಯಲ್ಲಿ ಬಣ್ಣ ಬರಿಸಿ ಕಟ್ಟೋಣವೆಂದರೆ ದಿನ ಸಾಲದು. ಆದರೆ ಕಟ್ಟಲು ಜಾಗ ಬೇಕಲ್ಲ? ಮೊದಲು ನಮ್ಮ ಹಸಿರು ಹಣ್ಣನ್ನು ಕೊಯ್ದು ಕೆಳಗಿಳಿಸಬೇಕು. ಕೊಯ್ದೆವು, ರೀ. ರಸ ತುಂಬಿ ಕೊಂಬೆ ಬಗ್ಗಿಸಿಕೊಂಡಿದ್ದ ಹಣ್ಣನ್ನೆಲ್ಲ ಕೊಯ್ದು, ಕಾಂಪೌಂಡಿನ ಆಚೆ ಗುಂಡಿಗೆ ಸುರಿದು, ಮೇಲೆ ಟಾರ್ಪಾಲಿನ್ ಹೊದಿಸಿದೆವು. ಹಸಿರು ಹಣ್ಣು ಊರಿನಲ್ಲಿ ಯಾರ ಕೈಯಲ್ಲಾದರೂ ಕಂಡರೆ ಗುಟ್ಟು ಬಯಲಾಗುತ್ತದೆ ಎಂದು ಒಂದನ್ನೂ ಮನೆಗೆ ಒಯ್ಯಗೊಡಲಿಲ್ಲ. ನಾನು ಗುಂಡಿಯ ಅಂಚಿನಲ್ಲಿ ನಿಂತು ಒಂದನ್ನು ಸುಲಿದು ತಿಂದೆ. ಹೇಗಿತ್ತು ಎಂದು ಬರೆಯುವುದಿಲ್ಲ. ಬರೆದರೆ ನಿಮಗೆ ಊರ ನೆನಪಾಗುತ್ತದೆ, ನನಗೆ ಸಿಟ್ಟು ಬರುತ್ತದೆ.

ಆಮೇಲೆ ಬಂದ ಲಾರಿಯೇ ಈಗ ಹೊರಟು ನಿಂತಿರುವ ಲಾರಿ. ಪೇಟೆಯ ಮಂಡಿಯಲ್ಲಿ ಈ ವಾರ ಬಣ್ಣದ ಕಿತ್ತಳೆ ಇದ್ದದ್ದು ನಿಮ್ಮ ಕಡೆಯದು ಮಾತ್ರ. ಬೆಟ್ಟದ ಆಚೆ ಚಳಿ ಚೆನ್ನಾಗಿ ಬಿದ್ದಿದೆಯಂತಲ್ಲ, ನಿಮ್ಮ ಕೆಮ್ಮನ್ನು ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು. ಕ್ರೇಟುಗಳನ್ನು ಇಳಿಸಿ ನೋಡಿದರೆ, ಪ್ರತಿ ಹಣ್ಣಿನ ಮೇಲೂ ನಿಮ್ಮ ಯಜಮಾನನ ತೋಟದ ನೀಲಿ ಹಕ್ಕಿಯ ಸ್ಟಿಕ್ಕರ್! ಅದನ್ನೆಲ್ಲ ಕೀಳಬೇಕು. ಇಲ್ಲಿ ಬಂತು ನೋಡಿ ನಮ್ಮ ಶೆಡ್ಡಿನ ಶಿಸ್ತು ಅಡ್ಡಕ್ಕೆ. ಉಗುರು ತಾಗಿ ಸಿಪ್ಪೆ ಗೀರಿದರೆ ಹಡಗಿನಲ್ಲಿ ಬೂಸ್ಟು ಹಿಡಿದು ಇಡೀ ಪೆಟ್ಟಿಗೆ ಕೆಡುತ್ತದೆ ಎಂದು ನಮ್ಮ ಉಗುರನ್ನು ಮಾಂಸದ ತನಕ ಕತ್ತರಿಸಿ ಹಾಕಿಸುತ್ತಾರೆ. ದಿನಾ ಬೆಳಿಗ್ಗೆ ಮೇಲ್ವಿಚಾರಕ ಸೀಟಿ ಊದಿ, ಶಾಲೆಯ ಮಕ್ಕಳ ಹಾಗೆ ಕೈ ಚಾಚಿಸಿ ನೋಡುತ್ತಾನೆ. ಅದಕ್ಕೇ ಅವನ ಹೆಸರು ಸೀಟಿ. ಹೀಗೆ ವರ್ಷಗಟ್ಟಲೆ ಉಗುರಿಲ್ಲದೆ ದೇಶಸೇವೆ ಮಾಡಿದ ಹೆಂಗಸರನ್ನು ಸಾಲಾಗಿ ಕೂರಿಸಿ, “ಸ್ಟಿಕ್ಕರ್ ಕೀಳಿ, ಬೇಗ” ಎಂದರು. ಸವರಿದೆವು, ತಿಕ್ಕಿದೆವು, ಬಿಸಿನೀರಿನಲ್ಲಿ ಅದ್ದಿದೆವು. ಎದುರುಮನೆ ಅಕ್ಕ ಹಲ್ಲಿನಲ್ಲೂ ಪ್ರಯತ್ನಿಸಿದಳು. ಹೇಗೋ ಒಂದೊಂದಾಗಿ ಎದ್ದವು. ನಿಮ್ಮ ಕಡೆಯ ಅಂಟು ಬಹಳ ಗಟ್ಟಿ. ಹೋದವರನ್ನು ಬಿಡದೆ ಹಿಡಿದುಕೊಳ್ಳುವುದರಲ್ಲೇ ಗೊತ್ತಾಗುತ್ತದೆ.

ಕೈ ಸಾಲದೆ ಸೀಟಿ ಹಳೆಯ ಕೆಲಸದವರನ್ನೂ ಕರೆಸಿದ. ನಿಮ್ಮ ಅಮ್ಮ ಕರೆಯುವ ಮೊದಲೇ ಹೊರಟು ನಿಂತಿದ್ದರು. ಸ್ಟಿಕ್ಕರ್ ಮೇಜಿನಲ್ಲಿ ಕೂತು ಹಣ್ಣಿಗೆ ಸ್ಟಿಕ್ಕರ್ ಒತ್ತಿ ಒತ್ತಿ ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿರುವುದು ನಿಮಗೆ ಗೊತ್ತೇ ಇದೆ. ಮೂಲೆಯಲ್ಲಿ ಒಂದು ಕ್ರೇಟು ಇಟ್ಟುಕೊಂಡು ಕೂತರು. ಮೊದಲ ಹಣ್ಣನ್ನು ಮೂಗಿನ ಹತ್ತಿರ ಹಿಡಿದು, “ಇದು ನನ್ ಮಗ ಕೊಯ್ದಿದ್ದು ಕಣೇ” ಎಂದರು. ಎರಡನೆಯದೂ ನೀವೇ ಕೊಯ್ದದ್ದು. ಮೂರನೆಯದೂ. ಆ ತೋಟದಲ್ಲಿ ಬೇರೆ ಯಾರೂ ಕೆಲಸ ಮಾಡುವುದೇ ಇಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ನಾವೆಲ್ಲ ನಕ್ಕೆವು. ಅವರ ಕ್ರೇಟು ಮಾತ್ರ ಎಲ್ಲರಿಗಿಂತ ಬೇಗ ಮುಗಿಯಿತು. ಹೇಗೆ ಮುಗಿಯಿತು ಎಂದು ಯಾರೂ ಕೇಳಲಿಲ್ಲ. ಸೀಟಿ ಬಂದು ಬಗ್ಗಿ ನೋಡಿದ. ಎಲ್ಲ ಹಣ್ಣಿನ ಮೇಲೂ ನಮ್ಮ ಹಳದಿ ಸೂರ್ಯನ ಸ್ಟಿಕ್ಕರ್, ನೆಟ್ಟಗೆ, ಓರೆಯಿಲ್ಲದೆ. “ನೋಡ್ರೇ, ಅಜ್ಜಿನ ನೋಡಿ ಕಲೀರಿ! ಪಾಸ್!” ಎಂದು ಸೀಟಿ ಊದಿದ. ಅತ್ತೆ ನೀಲಿ ಹಕ್ಕಿಯನ್ನು ಕಿತ್ತಿರಲಿಲ್ಲ, ಅದರ ಮೇಲೇ ಸೂರ್ಯನನ್ನು ಒತ್ತಿಬಿಟ್ಟಿದ್ದರು. ನಮಗಾದರೂ ಹೊಳೆಯಬೇಡವೇ, ಮರದಲ್ಲಿರುವ ಹಣ್ಣಿಗೆ ಯಾವ ಸ್ಟಿಕ್ಕರೂ ಇರುವುದಿಲ್ಲ ಎಂದು? ಹೊಳೆಯಲಿಲ್ಲ, ರೀ. ಸ್ಟಿಕ್ಕರ್ ಇಲ್ಲದ ಹಣ್ಣನ್ನು ಕಂಡರೆ ತಪ್ಪು ಎನ್ನುವ, ಇದ್ದದ್ದನ್ನು ಕಂಡರೆ ಸರಿ ಎನ್ನುವ ಕಣ್ಣುಗಳು ನಮ್ಮವು. ಆ ಹಣ್ಣುಗಳಿಗೆ ದಾರ ಕಟ್ಟಿದವರಲ್ಲಿ ನಾನೂ ಇದ್ದೆ, ಎದುರುಮನೆ ಅಕ್ಕನೂ ಇದ್ದಳು. ದಾರದ ಗಂಟು ಕಾಣಬಾರದು ಎಂದು ಎಲೆ ಮುಚ್ಚಿದೆವು. ಸೂರ್ಯ ಚೆನ್ನಾಗಿ ಕಾಣಲಿ ಎಂದು ಹಣ್ಣನ್ನು ದಾರಿಯ ಕಡೆ ತಿರುಗಿಸಿದೆವು!

ಖರೀದಿದಾರ ಬಂದ. ಉದ್ದನೆಯ ಮನುಷ್ಯ, ಬಿಸಿಲಿಗೆ ಮೂಗು ಕೆಂಪಾಗಿತ್ತು, ಜೊತೆಗೆ ಒಬ್ಬ ದುಭಾಷಿ. ಮೊದಲ ಸಾಲಿನ ಮರಗಳನ್ನು ನೋಡಿ ತಲೆದೂಗಿದ. ಯಜಮಾನರು ನನ್ನ ಕಡೆ ನೋಡಿ ಕಣ್ಣಿನಲ್ಲೇ ‘ಆಯ್ತಮ್ಮಾ’ ಎಂದರು. ಆ ಒಂದು ಗಳಿಗೆ ನೀವು ಬೆನ್ನಿಗೆ ಚೀಲ ಹಾಕಿಕೊಂಡು ಗೇಟಿನ ಹತ್ತಿರ ಬಂದಾಗಿತ್ತು, ನಾನು ನೋಡಿದೆ. ಆಮೇಲೆ ಆತ ಅತ್ತೆಯ ಕ್ರೇಟಿನ ಹಣ್ಣು ಕಟ್ಟಿದ್ದ ಕೊನೆಯ ಮರದ ಹತ್ತಿರ ನಿಂತ. ಒಂದು ಹಣ್ಣನ್ನು ಹಿಡಿದು ತಿರುಗಿಸಿದ. ದುಭಾಷಿಗೆ ಏನೋ ಹೇಳಿದ. ದುಭಾಷಿ ಯಜಮಾನರ ಕಡೆ ತಿರುಗಿ, “ನಿಮ್ಮ ಮರಗಳು ಭಾಳಾ ಮುಂದುವರಿದಿವೆ, ಸ್ಟಿಕ್ಕರ್ ಅಂಟಿಸ್ಕೊಂಡೇ ಹಣ್ಣು ಬಿಡ್ತಾವೆ ಅಂತಿದಾರೆ” ಎಂದ. ಯಾರೋ ನಕ್ಕರು. ಯಜಮಾನರೂ ನಗಲು ನೋಡಿದರು. ಅಧಿಕಾರಿ, “ಅದು ನಮ್ಮ ಹೊಸ ತಂತ್ರಜ್ಞಾನ” ಎಂದುಬಿಟ್ಟರು. ಆ ಮನುಷ್ಯ ನಗುತ್ತಲೇ ಸ್ಟಿಕ್ಕರಿನ ಅಂಚಿಗೆ ಹೆಬ್ಬೆರಳು ಹಾಕಿ ಎಬ್ಬಿಸಿದ. ಅವತ್ತು ಆ ತೋಟದಲ್ಲಿ ಉಗುರು ಬೆಳೆಸಿದ್ದ ಮನುಷ್ಯ ಅವನೊಬ್ಬನೇ. ಸೂರ್ಯ ಎದ್ದು ಬಂದ, ಕೆಳಗೆ ನೀಲಿ ಹಕ್ಕಿ ಕೂತಿತ್ತು. ಹಣ್ಣನ್ನು ಎಳೆದ, ದಾರವೂ ಬಂತು. ನಾನು ಹಾಕಿದ ಗಂಟು, ಗಟ್ಟಿಯಾಗಿತ್ತು, ಬಿಚ್ಚಲಿಲ್ಲ.

ಆತ ರೇಗಾಡಲಿಲ್ಲ. ರೇಗಾಡಿದ್ದರೆ ಒಳ್ಳೆಯದಿತ್ತು. ಅಲ್ಲೇ ನಿಂತು ಹಣ್ಣನ್ನು ಸುಲಿದು, ತಿಂದು, ಬೀಜವನ್ನು ಅಂಗೈಗೆ ಉಗುಳಿ, ಚೆನ್ನಾಗಿದೆ ಎಂದ. ನೀಲಿ ಹಕ್ಕಿಯ ಸ್ಟಿಕ್ಕರನ್ನು ತನ್ನ ಡೈರಿಯೊಳಗೆ ಅಂಟಿಸಿಕೊಂಡು ಕಾರು ಹತ್ತಿದ. ಆರ್ಡರ್ ಯಾರಿಗೆ ಹೋಯಿತು ಎಂದು ಲಾರಿ ಚಾಲಕ ಇವತ್ತು ನಿಮ್ಮ ಕಡೆಯಿಂದ ಫೋನ್ ಬಂದ ಮೇಲೆ ಹೇಳಿದ. ನಿಮ್ಮ ಯಜಮಾನನಿಗೆ. ನಿಮ್ಮ ತೋಟದಲ್ಲಿ ಎಲ್ಲರಿಗೂ ಸಿಹಿ ಹಂಚಿದರಂತೆ, ನೀವೂ ತಿಂದಿರಬೇಕು. ಯಾವುದಕ್ಕೆ ಎಂದು ಗೊತ್ತಿಲ್ಲದೆ ತಿಂದಿದ್ದರೆ ತಪ್ಪೇನಿಲ್ಲ, ಬಿಡಿ. ನಮ್ಮ ಅಧಿಕಾರಿಗಳು ವರದಿ ಬರೆದರು, ‘ತೋಟಕ್ಕೆ ವಿದೇಶಿ ಗಣ್ಯರ ಭೇಟಿ, ಹಣ್ಣಿನ ರುಚಿಗೆ ಮೆಚ್ಚುಗೆ’ ಎಂದು. ಸುಳ್ಳೆಂದು ಹೇಳಲು ಬರುವುದಿಲ್ಲ. ಕಿತ್ತಳೆಯ ವಿದೇಶ ವ್ಯಾಪಾರದಲ್ಲಿ ಈ ವಾರ ನಮ್ಮ ಶೆಡ್ಡು ಸಾಧಿಸಿದ್ದು ಇಷ್ಟು: ಒಂದು ಲಾರಿ ಹಣ್ಣನ್ನು ನಿಮ್ಮಿಂದ ಕೊಂಡುಕೊಂಡಿತು, ಅದರ ಗಿರಾಕಿಯನ್ನು ನಿಮಗೇ ಹುಡುಕಿಕೊಟ್ಟಿತು. ಎರಡನೇ ಬೆಲ್ಟಿನ ಜಾಗದಲ್ಲಿ ಈಗ ಸೀಟಿಯ ಸೈಕಲ್ ನಿಲ್ಲುತ್ತದೆ. ಟಾರ್ಪಾಲಿನ್ ಕೆಳಗಿನ ನಮ್ಮ ಹಣ್ಣು ಕೊಳೆಯಲು ಶುರುವಾಗಿ ಬೀದಿಯೆಲ್ಲ ಹುಳಿ ವಾಸನೆ. ವಿಚಿತ್ರವೆಂದರೆ ಮೊನ್ನೆಯಿಂದ ಚಳಿ ಬಿದ್ದಿದೆ. ಒಳಗಿನ ಮರಗಳಲ್ಲಿ ಉಳಿದ ಹಣ್ಣು ಒಂದೊಂದಾಗಿ ಬಣ್ಣ ತಿರುಗುತ್ತಿವೆ. ನೋಡಲು ಯಾರೂ ಬರುವವರಿಲ್ಲವಾದ್ದರಿಂದ ಬಹಳ ಚೆಂದ ಕಾಣುತ್ತಿವೆ.

ಈಗ ಮೇಲೆ ನಂಬಿಕೊಂಡಿರಿ ಎಂದ ಮಾತು. ಶೆಡ್ಡಿನಲ್ಲಿ ಎಲ್ಲರ ಮುಂದೆ ಸೀಟಿ, “ಎಲ್ಲಾ ಆ ಮುದುಕಿ ಹೆಬ್ಬೆಟ್ಟಿಂದ ಹಾಳಾಯ್ತು” ಎಂದ. ಪಾಸ್ ಎಂದು ಊದಿದ್ದು ಯಾರ ಸೀಟಿ ಎಂದು ಎದುರುಮನೆ ಅಕ್ಕ ಕೇಳಿದಳು, ನಾನೂ ಕೇಳಿದೆ. ಆದರೆ ಆ ಮಾತು ಅಷ್ಟರಲ್ಲಿ ಅತ್ತೆಯ ಕಿವಿಗೆ ಬಿದ್ದಾಗಿತ್ತು, ಆ ಕಿವಿಯ ವಿಷಯ ಹೇಳಿದೆನಲ್ಲ. ಮನೆಗೆ ಬಂದವರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾರೆ. ಗಾಯವೇನೂ ಇಲ್ಲ, ಬಿಚ್ಚಿ ನೋಡಿದೆ. “ನನ್ ಮಗ ಬರೋದನ್ನ ನಾನೇ ತಡೆದೆ ಕಣೇ” ಎನ್ನುತ್ತಾರೆ. ಊಟದ ತಟ್ಟೆ ಮುಂದಿಟ್ಟರೆ ಪುಟ್ಟಿಯ ಕಡೆ ಸರಿಸುತ್ತಾರೆ. ನಿನ್ನೆ ನನ್ನ ಕೈ ಹಿಡಿದುಕೊಂಡು, “ನೀನಾದ್ರೂ ಬೈಯೇ, ನಂಗೆ” ಎಂದರು. ಮದುವೆಯಾದಾಗಿನಿಂದ ನಾನು ಇಂಥ ಒಂದು ಅವಕಾಶಕ್ಕೆ ಎಷ್ಟು ಕಾದಿದ್ದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಎದ್ದುಬಿಟ್ಟೆ, ರೀ. ಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟಿದ್ದ ಪಾತ್ರೆಗಳನ್ನೇ.

ಮಂಚ ಗಟ್ಟಿಯಾಗಿದೆ. ಅಂಗಿಗಳು ಮಡಿಸಿ ಪೆಟ್ಟಿಗೆಗೆ ಹೋಗಿವೆ, ಒಂದು ದೊಡ್ಡದು, ಒಂದು ಚಿಕ್ಕದು. ನಿಮ್ಮ ಕೋಣೆಯ ಸ್ನೇಹಿತರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಫೋನಿನಲ್ಲಿ ಸ್ವಲ್ಪ ಕಡಿಮೆ ಕೆಮ್ಮಲು ಹೇಳಿ. ಏಣಿಯ ಕೊನೆಯ ಮೆಟ್ಟಿಲಿನಿಂದ ಧುಮುಕಬೇಡಿ. ಪುಟ್ಟಿ ನಿಮಗೆ ಒಂದು ಮುತ್ತು ಕಳಿಸಿದ್ದಾಳೆ, ಈ ಕಾಗದದ ಮೂಲೆಯಲ್ಲಿ ಒದ್ದೆಯಾಗಿರುವುದು ಅದೇ, ಬೇರೆ ಏನೂ ಅಲ್ಲ.

ಇಂತು ದೇಶದ ವಿದೇಶಿ ವಿನಿಮಯವನ್ನು ಒರೆಸುತ್ತಿರುವ,
ನಿಮ್ಮ ಇವಳು

ಮರೆತಿದ್ದೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬರಬೇಡಿ. ಕೆಲಸ ಬಿಡುತ್ತೇನೆ ಎಂದು ಹೇಳಿಬಿಟ್ಟಿದ್ದರೆ ಈಗಲೇ ಹೋಗಿ ಆ ಮಾತು ವಾಪಸ್ ತಗೊಳ್ಳಿ. ಹೊಸ ಆರ್ಡರ್ ಬಂದಿದೆ, ಇಟ್ಟುಕೊಳ್ಳುತ್ತಾರೆ. ಇನ್ನೊಂದು. ಇದೇ ಲಾರಿ ಮತ್ತೆ ಈ ಕಡೆ ಬರುವಾಗ ಅತ್ತೆಗೆ ಒಂದು ಕಾಗದ ಕಳಿಸಿ. ‘ನನಗೆ ಇಲ್ಲೇ ಹಿಡಿಸಿದೆ, ಊರಿಗೆ ಬರುವ ಮನಸ್ಸಿಲ್ಲ, ಮೇಸ್ತ್ರಿ ಕೆಲಸ ಕೊಟ್ಟರೂ ಬರುತ್ತಿರಲಿಲ್ಲ’ ಎಂದು ಬರೆಯಿರಿ. ಖರೀದಿದಾರ ಬರುವುದಕ್ಕೆ ಮುಂಚಿನ ಯಾವುದಾದರೂ ತಾರೀಖು ಹಾಕಿ, ನಿಮ್ಮನ್ನು ತಡೆದದ್ದು ಅವರ ಹೆಬ್ಬೆರಳಲ್ಲ ಎಂದಾಗಲಿ. ಅವರಿಗೆ ಅಕ್ಷರ ಬಾರದಿದ್ದರೂ ಸ್ಟಿಕ್ಕರ್ ಅಂಟಿಸಿ ಅಂಟಿಸಿ ಅಂಕಿ ಬರುತ್ತದೆ, ತಾರೀಖು ನೋಡಿಯೇ ನೋಡುತ್ತಾರೆ. ಓದಿ ಹೇಳುವವಳು ಪುಟ್ಟಿ. ಅವಳೂ ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾಳೆ, ಬೆಂಕಿಪೊಟ್ಟಣ ಎಸೆದರೂ ಎಸೆದಾಳು, ನಾನು ಎತ್ತಿಡುತ್ತೇನೆ. ಬೇರೆ ದಾರಿ ನನಗೆ ಕಾಣಲಿಲ್ಲ. ಕಾಗದ ಕೇಳಿದ ತಕ್ಷಣ ಅತ್ತೆ ನಿಮ್ಮನ್ನು ಬೈಯಲು ಶುರುಮಾಡುತ್ತಾರೆ, ನಿಮ್ಮ ಅಪ್ಪನಿಂದ ಹಿಡಿದು. ಸಾಲುಮನೆಗೆಲ್ಲ ಕೇಳುವ ಹಾಗೆ ಬೈಯಲಿ. ಬೈದ ಮೇಲೆ ಅವರಿಗೆ ಹಸಿವಾಗುತ್ತದೆ.